ಲಾಸ್‌ಲೆಸ್ ಸಂಗೀತ ಸ್ಪೀಕರಿನವರೆಗೆ ತಲುಪದಿದ್ದಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸ್ಟ್ರೀಮಿಂಗ್ ಸೇವೆಗೆ ಚಂದಾ ಕಟ್ಟಿದ್ದಾಗಿದೆ, ಆಪ್‌ನಲ್ಲಿ ‘ಲಾಸ್‌ಲೆಸ್’ (ಮೂಲ ಧ್ವನಿಯ ದತ್ತಾಂಶದಲ್ಲಿ ಏನೂ ಕಳೆದುಹೋಗದ) ಎಂಬ ಗುರುತೂ ಕಾಣುತ್ತಿದೆ. ಆದರೂ ನಡುಮನೆಯ ಸ್ಪೀಕರ್ ಅರ್ಧ ಹಾಡಿಗೆ ನಿಲ್ಲುತ್ತದೆ, ಮಲಗುವ ಕೋಣೆಯದು ಪಟ್ಟಿಯಲ್ಲೇ ಕಾಣುವುದಿಲ್ಲ, ಮೇಜಿನ ಮೇಲಿರುವ ಡ್ಯಾಕ್ ಎಂಬ ಪೆಟ್ಟಿಗೆ ಯಾವ ಹಾಡು ಹಾಕಿದರೂ ಒಂದೇ ಅಂಕಿಯನ್ನು ತೋರಿಸುತ್ತದೆ. ಈ ಮೂರು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ. ಆದರೆ ಬಹಳಷ್ಟು ಜನ ಮೂರಕ್ಕೂ ರೂಟರನ್ನೇ ದೂರುತ್ತಾರೆ, ಇಲ್ಲವೇ ಹೊಸ ಸ್ಪೀಕರ್ ಕೊಳ್ಳುತ್ತಾರೆ.

ಲಾಸ್‌ಲೆಸ್ ಎಂಬ ಮಾತು ಹಾಡಿಗಿಂತ ಹೆಚ್ಚಾಗಿ ಆ ಹಾಡು ಬರುವ ದಾರಿಗೆ ಅನ್ವಯಿಸುತ್ತದೆ. ಸೇವೆಯ ಸರ್ವರ್, ಮನೆಯ ಇಂಟರ್ನೆಟ್, ರೂಟರ್, ವೈಫೈ, ಫೋನು, ಸ್ಪೀಕರಿನೊಳಗೆ ಹಾಡನ್ನು ಪಡೆಯುವ ಭಾಗ, ಕೊನೆಗೆ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಡ್ಯಾಕ್, ಇವುಗಳಲ್ಲಿ ಯಾವುದಾದರೊಂದು ಕೊಂಡಿ ದತ್ತಾಂಶದಲ್ಲಿ ಸ್ವಲ್ಪವನ್ನು ಕಳೆದರೂ ಅಲ್ಲಿಂದ ಮುಂದೆ ಹೋಗುವುದು ಲಾಸ್‌ಲೆಸ್ ಅಲ್ಲ. ಮುಂದಿನ ಉಪಕರಣ ಎಷ್ಟೇ ದುಬಾರಿಯದಾದರೂ ಕಳೆದುಹೋದದ್ದನ್ನು ಮರಳಿ ತರಲಾರದು. ಆದ್ದರಿಂದ ದೋಷ ಹುಡುಕುವುದೆಂದರೆ ಆ ಕೊಂಡಿ ಯಾವುದೆಂದು ಪತ್ತೆ ಹಚ್ಚುವುದು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಹಾಡಿನ ದತ್ತಾಂಶವನ್ನು ಎಳೆದುಕೊಳ್ಳುತ್ತಿರುವವರು ಯಾರು?

ಕೆಲವು ಏರ್ಪಾಡುಗಳಲ್ಲಿ ಫೋನು ಬರೀ ರಿಮೋಟ್. ‘ಈ ಹಾಡನ್ನು ನುಡಿಸು’ ಎಂದು ಅದು ಸ್ಪೀಕರಿಗೆ ವಿಳಾಸವನ್ನು ಕೊಡುತ್ತದೆ, ಸ್ಪೀಕರ್ ತಾನೇ ಇಂಟರ್ನೆಟ್ಟಿನಿಂದ ಹಾಡನ್ನು ಎಳೆದುಕೊಳ್ಳುತ್ತದೆ. ಗೂಗಲ್ ಕಾಸ್ಟ್, ಸ್ಪಾಟಿಫೈ ಕನೆಕ್ಟ್, ಟೈಡಲ್ ಕನೆಕ್ಟ್ ಈ ಬಗೆಯವು. ಬ್ಲೂಟೂತ್‌ನಲ್ಲಿ ಮತ್ತು ಫೋನಿನಿಂದ ಏರ್‌ಪ್ಲೇ (ಆಪಲ್‌ನ ವೈಫೈ ಪದ್ಧತಿ) ಮಾಡುವ ಸಾಮಾನ್ಯ ಸಂದರ್ಭಗಳಲ್ಲಿ ಫೋನೇ ಹೊರೆಯಾಳು. ಹಾಡು ಮೊದಲು ಫೋನಿಗೆ ಬಂದು ಅಲ್ಲಿಂದ ಸ್ಪೀಕರಿಗೆ ಹೋಗುತ್ತದೆ.

ನಿಮ್ಮಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಹಾಡು ನುಡಿಯುತ್ತಿರುವಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಮತ್ತು ಬ್ಲೂಟೂತ್ ಎರಡೂ ಆರಿವೆ ಎಂದು ಖಚಿತಪಡಿಸಿಕೊಂಡು, ಮೂರು ನಾಲ್ಕು ನಿಮಿಷ ಕಾಯಿರಿ. ಕೆಲವು ಕ್ಷಣಗಳಲ್ಲಿ ಸದ್ದು ನಿಂತರೆ ಫೋನೇ ಹೊರೆಯಾಳು. ಈ ಹಾಡು ಮುಗಿದು ಮುಂದಿನ ಹಾಡೂ ಶುರುವಾದರೆ ಸ್ಪೀಕರ್ ತಾನೇ ಎಳೆದುಕೊಳ್ಳುತ್ತಿದೆ. ಈ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಬಹುತೇಕ ಪರೀಕ್ಷೆಗಳಲ್ಲಿ ಅದು ಬೇಕಾಗುತ್ತದೆ. ಫೋನೇ ಹೊರೆಯಾಳಾಗಿದ್ದರೆ ಫೋನಿನ ಸೆಟ್ಟಿಂಗ್ಸ್, ಅದರ ವೈಫೈ, ಅದರ ಬ್ಯಾಟರಿ ಉಳಿತಾಯದ ವ್ಯವಸ್ಥೆ ಎಲ್ಲವೂ ಸಂಶಯದ ಪಟ್ಟಿಗೆ ಸೇರುತ್ತವೆ. ಇಲ್ಲದಿದ್ದರೆ ಅವನ್ನೆಲ್ಲ ಬಿಟ್ಟು ಸ್ಪೀಕರಿನ ಕಡೆಗೆ ನೋಡಬೇಕು.

ಜೊತೆಗೆ ಎರಡು ಶಿಸ್ತುಗಳಿರಲಿ. ಪರೀಕ್ಷೆಗೆ ಯಾವಾಗಲೂ ಒಂದೇ ಹಾಡನ್ನು, ಲಾಸ್‌ಲೆಸ್‌ನಲ್ಲಿ ಲಭ್ಯವಿದೆ ಎಂದು ಗೊತ್ತಿರುವುದನ್ನು, ಬಳಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ರೂಟರನ್ನು ಆರಿಸಿ ಹಾಕಿ, ಆಪನ್ನು ಮರುಸ್ಥಾಪಿಸಿ, ಕೇಬಲನ್ನೂ ಬದಲಿಸಿದ ಮೇಲೆ ತೊಂದರೆ ಹೋದರೆ ಅದು ಮರಳಿ ಬಂದಾಗ ನೀವು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಲಕ್ಷಣ: ಆಪ್‌ನಲ್ಲಿ ಲಾಸ್‌ಲೆಸ್ ಗುರುತೇ ಕಾಣುವುದಿಲ್ಲ

ಇದು ಹೆಚ್ಚಿನ ಪಾಲು ಸೆಟ್ಟಿಂಗ್ಸ್‌ಗೆ ಸಂಬಂಧಿಸಿದ ವಿಷಯ. ಆಪಲ್ ಮ್ಯೂಸಿಕ್ 2021ರ ಜೂನ್‌ನಿಂದ ಹೆಚ್ಚುವರಿ ಶುಲ್ಕವಿಲ್ಲದೆ ಲಾಸ್‌ಲೆಸ್ ಕೊಡುತ್ತಿದೆಯಾದರೂ ಬಳಸುವವರೇ ಅದನ್ನು ಆನ್ ಮಾಡಿಕೊಳ್ಳಬೇಕು. ಸ್ಪಾಟಿಫೈ 2025ರ ಸೆಪ್ಟೆಂಬರ್‌ನಲ್ಲಿ 24 ಬಿಟ್, 44.1 ಕಿಲೋಹರ್ಟ್ಸ್‌ವರೆಗಿನ (ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಪ್ರತಿ ಅಳತೆಯನ್ನು 24 ಬಿಟ್‌ಗಳಲ್ಲಿ ಬರೆದ) ಲಾಸ್‌ಲೆಸ್ ಆರಂಭಿಸಿದಾಗಲೂ ಪ್ರತಿ ಸಾಧನದಲ್ಲಿ ಬೇರೆ ಬೇರೆಯಾಗಿ ಆರಿಸಿಕೊಳ್ಳುವ ಪದ್ಧತಿಯನ್ನೇ ಇಟ್ಟಿತು. ಫೋನಿನಲ್ಲಿ ಆನ್ ಮಾಡಿದ ಮಾತ್ರಕ್ಕೆ ಲ್ಯಾಪ್‌ಟಾಪಿನಲ್ಲಿ ಅದು ಆನ್ ಆಗುವುದಿಲ್ಲ. ಆದ್ದರಿಂದ ಮೊದಲು ನಿಮ್ಮ ಚಂದಾದ ದರ್ಜೆಯಲ್ಲಿ ಲಾಸ್‌ಲೆಸ್ ಸೇರಿದೆಯೇ ಎಂಬುದನ್ನು ಖಾತೆಯ ಪುಟದಲ್ಲಿ ನೋಡಿ, ಬಳಿಕ ಆಪ್‌ನ ಧ್ವನಿ ಗುಣಮಟ್ಟದ ಪುಟಕ್ಕೆ ಹೋಗಿ. ಅಲ್ಲಿ ಸಾಮಾನ್ಯವಾಗಿ ವೈಫೈ, ಮೊಬೈಲ್ ಡೇಟಾ, ಡೌನ್‌ಲೋಡ್ ಎಂದು ಮೂರು ಆಯ್ಕೆಗಳಿರುತ್ತವೆ, ಮೂರೂ ಸ್ವತಂತ್ರ.

ಡೌನ್‌ಲೋಡ್ ಮಾಡಿಟ್ಟ ಹಾಡುಗಳ ವಿಷಯದಲ್ಲಿ ಅನೇಕರು ಎಡವುತ್ತಾರೆ. ಸೆಟ್ಟಿಂಗ್ ಬದಲಿಸುವುದಕ್ಕೆ ಮುಂಚೆ ಇಳಿಸಿಕೊಂಡ ಹಾಡು ಹಳೆಯ ಗುಣಮಟ್ಟದಲ್ಲೇ ಉಳಿದಿರಬಹುದು ಮತ್ತು ಆಪ್ ಇಂಟರ್ನೆಟ್ಟಿಗೆ ಹೋಗದೆ ಅದನ್ನೇ ನುಡಿಸಬಹುದು. ಆ ಹಾಡನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಬೇಕು. ಒಂದೇ ಹಾಡಿಗೆ ಗುರುತಿಲ್ಲದೆ ಉಳಿದವಕ್ಕೆಲ್ಲ ಇದ್ದರೆ ಆ ಹಾಡು ಸೇವೆಯವರ ಬಳಿಯೇ ಲಾಸ್‌ಲೆಸ್‌ನಲ್ಲಿಲ್ಲ ಎಂದು ತಿಳಿದು ಮುಂದೆ ಹೋಗಿ.

ಲಕ್ಷಣ: ಫೋನಿನಲ್ಲಿ ಗುರುತಿದೆ, ಸ್ಪೀಕರಿಗೆ ಕಳಿಸಿದ ಕೂಡಲೇ ಮಾಯವಾಗುತ್ತದೆ

ಮೊದಲ ಸಂಶಯ ಬ್ಲೂಟೂತ್ ಮೇಲೆ ಬೀಳಬೇಕು. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಗೆ ಸೆಕೆಂಡಿಗೆ 44,100 ಸ್ಯಾಂಪಲ್ (ಅಳತೆ), ಪ್ರತಿ ಸ್ಯಾಂಪಲ್‌ಗೆ 16 ಬಿಟ್, ಎರಡು ಚಾನೆಲ್, ಎಂದರೆ 1411 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಸಾವಿರ ಬಿಟ್) ಬೇಕು. ಬ್ಲೂಟೂತ್‌ನ ಬಹುತೇಕ ಎಲ್ಲ ಧ್ವನಿ ಸಾಧನಗಳಲ್ಲೂ ಇರುವ ಎಸ್‌ಬಿಸಿ ಕೋಡೆಕ್ (ಧ್ವನಿಯನ್ನು ಕಟ್ಟಿ ಕಳಿಸುವ ವಿಧಾನ) ಸಾಮಾನ್ಯವಾಗಿ 328 ಕೆಬಿಪಿಎಸ್ ಸುತ್ತಮುತ್ತ ನಿಲ್ಲುತ್ತದೆ. ಎಲ್‌ಡ್ಯಾಕ್ ಎಂಬ ಇನ್ನೊಂದು ಕೋಡೆಕ್ ತನ್ನ ಗರಿಷ್ಠ ಸ್ಥಿತಿಯಲ್ಲಿ 990 ಕೆಬಿಪಿಎಸ್ ಕಳಿಸುತ್ತದೆ, ಆದರೂ ಅದು ಕುಗ್ಗಿಸಿ ಕಳಿಸುವ ಕೋಡೆಕ್ಕೇ. ಕಳಿಸುವ ಮತ್ತು ಪಡೆಯುವ ಎರಡೂ ಸಾಧನಗಳಲ್ಲಿ ಆಪ್ಟ್‌ಎಕ್ಸ್ ಲಾಸ್‌ಲೆಸ್‌ನಂಥ ಕೋಡೆಕ್ ಇದ್ದು, ರೇಡಿಯೋ ಸಂಪರ್ಕವೂ ಚೆನ್ನಾಗಿದ್ದರೆ ಮಾತ್ರ ಸಿಡಿ ಗುಣಮಟ್ಟ ಬ್ಲೂಟೂತ್ ಮೂಲಕ ಹೋಗಬಲ್ಲದು. ಆದ್ದರಿಂದ ಸ್ಪೀಕರಿಗೆ ವೈಫೈ ಇದ್ದೂ ನೀವು ಅಭ್ಯಾಸಬಲದಿಂದ ಬ್ಲೂಟೂತ್‌ನಲ್ಲಿ ಜೋಡಿಸಿದ್ದರೆ, ಆ ಜೋಡಣೆಯನ್ನು ಫೋನಿನಿಂದ ಅಳಿಸಿಬಿಡಿ. ಬರೀ ಕಡಿತಗೊಳಿಸಿದರೆ ಸಾಲದು. ಸ್ಪೀಕರ್ ಆನ್ ಆದ ಕೂಡಲೇ ಅದು ತಾನಾಗಿ ಮತ್ತೆ ಅಂಟಿಕೊಳ್ಳುತ್ತದೆ, ನೀವು ವೈಫೈನಲ್ಲಿ ಕೇಳುತ್ತಿದ್ದೇವೆಂದೇ ತಿಳಿದಿರುತ್ತೀರಿ.

ಎರಡನೆಯದು, ಹಾಡನ್ನು ಕಾಸ್ಟ್ ಮಾಡುವುದಕ್ಕೂ ಪರದೆಯನ್ನೇ ಕಾಸ್ಟ್ ಮಾಡುವುದಕ್ಕೂ ಇರುವ ವ್ಯತ್ಯಾಸ. ಸಂಗೀತದ ಆಪ್‌ನೊಳಗಿನ ಚಿಹ್ನೆಯನ್ನು ಒತ್ತಿ ಸ್ಪೀಕರನ್ನು ಆರಿಸಿದರೆ ಸ್ಪೀಕರ್ ಮೂಲ ಹಾಡನ್ನು ತಾನೇ ತರಿಸಿಕೊಳ್ಳುತ್ತದೆ. ಬ್ರೌಸರಿನ ಟ್ಯಾಬನ್ನೋ ಫೋನಿನ ಇಡೀ ಪರದೆಯನ್ನೋ ಕಳಿಸಿದರೆ ಧ್ವನಿ ಮತ್ತೊಮ್ಮೆ ಕುಗ್ಗಿ ಹೋಗುತ್ತದೆ. ಸ್ಪೀಕರಿನ ಮಟ್ಟಿಗೆ ಎರಡೂ ಕಾಸ್ಟೇ, ಹೆಸರೂ ಒಂದೇ; ಗೊಂದಲಕ್ಕೆ ಇದೇ ಕಾರಣ.

ಮೂರನೆಯದು ಹಾಡನ್ನು ಪಡೆಯುವ ಸಾಧನದ ಮಿತಿ. ಸೋನೋಸ್ ಸ್ಪೀಕರುಗಳು 24 ಬಿಟ್, 48 ಕಿಲೋಹರ್ಟ್ಸ್‌ವರೆಗೆ ಮಾತ್ರ ಸ್ವೀಕರಿಸುತ್ತವೆ. 2019ರಲ್ಲಿ ತಯಾರಿಕೆ ನಿಂತರೂ ಇಂದಿಗೂ ಅನೇಕ ಮನೆಗಳಲ್ಲಿರುವ ಕ್ರೋಮ್‌ಕಾಸ್ಟ್ ಆಡಿಯೋ 96 ಕಿಲೋಹರ್ಟ್ಸ್‌ವರೆಗೆ ನುಡಿಸುತ್ತದೆ. ಏರ್‌ಪ್ಲೇಯ ಮೂಲ ಪದ್ಧತಿ 16 ಬಿಟ್, 44.1 ಕಿಲೋಹರ್ಟ್ಸ್‌ನದು. ಹೀಗಿರುವಾಗ 192 ಕಿಲೋಹರ್ಟ್ಸ್‌ನ ಹಾಡು ಇವುಗಳಲ್ಲಿ ಇಳಿದ ದರದಲ್ಲಿ (ಕಡಿಮೆ ಕಿಲೋಹರ್ಟ್ಸ್‌ನಲ್ಲಿ) ಬಂದರೆ ಅದನ್ನು ದೋಷ ಎನ್ನಲಾಗದು. ನನ್ನ ಅಭಿಪ್ರಾಯ ಕೇಳುವುದಾದರೆ, ಸಿಡಿ ಗುಣಮಟ್ಟ ಒಡೆಯದೆ ತಲುಪುತ್ತಿದ್ದರೆ ಅಲ್ಲಿಗೇ ತೃಪ್ತಿಪಟ್ಟುಕೊಳ್ಳಬಹುದು. ಅದಕ್ಕೂ ಮೇಲಿನ ಅಂಕಿಗಳಿಗಾಗಿ ಕೆಲಸ ಮಾಡುತ್ತಿರುವ ಸ್ಪೀಕರನ್ನು ಬದಲಿಸುವುದು ಖರ್ಚಿಗೆ ತಕ್ಕದ್ದೆಂದು ನನಗೆ ಅನ್ನಿಸಿಲ್ಲ.

ಲಕ್ಷಣ: ಸ್ಪೀಕರ್ ಪಟ್ಟಿಯಲ್ಲೇ ಕಾಣುವುದಿಲ್ಲ, ಅಥವಾ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ

ಫೋನು ಸ್ಪೀಕರನ್ನು ಹುಡುಕುವುದು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗಿ ಕರೆಯುವ ಮೂಲಕ. ಇದಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಈ ಕೂಗು ಒಂದು ಜಾಲದ ಗಡಿಯನ್ನು ದಾಟಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಆದ್ದರಿಂದ ಸ್ಪೀಕರಿಗೆ ಇಂಟರ್ನೆಟ್ ಚೆನ್ನಾಗಿಯೇ ಸಿಗುತ್ತಿದ್ದು, ಫೋನಿಗೂ ಸಿಗುತ್ತಿದ್ದು, ಪರಸ್ಪರ ಮಾತ್ರ ಕಾಣದಿದ್ದರೆ ಇಬ್ಬರೂ ಬೇರೆ ಬೇರೆ ಜಾಲಗಳಲ್ಲಿದ್ದಾರೆ ಎಂದು ಊಹಿಸಿ ಶುರುಮಾಡಿ.

ಸುಲಭದ ಪರೀಕ್ಷೆಗಳು ಮೊದಲು. ಫೋನಿನಲ್ಲಿ ವಿಪಿಎನ್ ಆನ್ ಆಗಿದ್ದರೆ ಆರಿಸಿ. ಐಫೋನಿನಲ್ಲಿ ಐಓಎಸ್ 14ರಿಂದ ಈಚೆಗೆ ಪ್ರತಿ ಆಪ್ ಮನೆಯ ಜಾಲವನ್ನು ನೋಡಲು ಅನುಮತಿ ಕೇಳುತ್ತದೆ. ಮೊದಲ ದಿನ ‘ಬೇಡ’ ಎಂದು ಒತ್ತಿದ್ದರೆ ಆ ಆಪ್‌ಗೆ ಸ್ಪೀಕರುಗಳು ಎಂದೂ ಕಾಣುವುದಿಲ್ಲ, ಮತ್ತು ಅದು ಎರಡನೆಯ ಸಲ ಕೇಳುವುದೂ ಇಲ್ಲ. ಫೋನಿನ ಗೋಪ್ಯತೆಯ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ಕೊಡಿ. ಬಳಿಕ ಫೋನು ಅತಿಥಿಗಳಿಗೆಂದು ಮಾಡಿದ ವೈಫೈಗೆ ಸೇರಿಕೊಂಡಿದೆಯೇ ನೋಡಿ. ಅತಿಥಿ ಜಾಲ ಇರುವುದೇ ಒಂದು ಸಾಧನಕ್ಕೆ ಇನ್ನೊಂದು ಕಾಣದಿರಲಿ ಎಂದು.

ಇಷ್ಟಾದರೂ ಕಾಣದಿದ್ದರೆ ಎರಡೂ ಸಾಧನಗಳ ಐಪಿ ವಿಳಾಸಗಳನ್ನು (ಜಾಲದಲ್ಲಿ ಪ್ರತಿ ಸಾಧನಕ್ಕಿರುವ ಸಂಖ್ಯೆ) ಬರೆದುಕೊಳ್ಳಿ. ಒಂದರದು 192.168.1.23, ಇನ್ನೊಂದರದು 192.168.0.14 ಎಂದಿದ್ದರೆ ಮನೆಯಲ್ಲಿ ಎರಡು ರೂಟರುಗಳು ಕೆಲಸ ಮಾಡುತ್ತಿರುವ ಸಾಧ್ಯತೆ ಬಹಳ ಹೆಚ್ಚು. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯೇ ಒಂದು ರೂಟರ್. ಅದರ ಹಿಂದೆ ನೀವು ಕೊಂಡುತಂದದ್ದು ಇನ್ನೊಂದು. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಆಗಿ (ತನ್ನದೇ ಜಾಲ ಕಟ್ಟದೆ ವೈಫೈ ಮಾತ್ರ ಹರಡುವಂತೆ) ಬದಲಿಸಿದರೆ ಮನೆಯೆಲ್ಲ ಒಂದೇ ಜಾಲವಾಗುತ್ತದೆ. ವಿಳಾಸಗಳು ಒಂದೇ ಜಾಲದವಾಗಿದ್ದೂ ಕಾಣದಿದ್ದರೆ ರೂಟರಿನಲ್ಲಿ ಎಪಿ ಐಸೊಲೇಶನ್ ಅಥವಾ ಕ್ಲೈಂಟ್ ಐಸೊಲೇಶನ್ ಎಂಬ, ಸಾಧನಗಳು ಪರಸ್ಪರ ಕಾಣದಂತೆ ತಡೆಯುವ ಆಯ್ಕೆ ಆನ್ ಆಗಿದೆಯೇ ನೋಡಿ, ಆಗಿದ್ದರೆ ಆಫ್ ಮಾಡಿ.

ಕೆಲವು ನಿಮಿಷ ಕಂಡು ಆಮೇಲೆ ಮರೆಯಾಗುವ ಸ್ಪೀಕರಿನ ಕಥೆ ಬೇರೆ. ರೂಟರನ್ನೋ ಸ್ಪೀಕರನ್ನೋ ಆರಿಸಿ ಹಾಕಿದಾಗಲೆಲ್ಲ ಸರಿಹೋಗಿ ಸ್ವಲ್ಪ ಹೊತ್ತಿಗೇ ಮರಳುತ್ತಿದ್ದರೆ, ರೂಟರ್ ಅಥವಾ ನೆಟ್‌ವರ್ಕ್ ಸ್ವಿಚ್‌ನಲ್ಲಿರುವ ಐಜಿಎಂಪಿ ಸ್ನೂಪಿಂಗ್ ಎಂಬ ಆಯ್ಕೆಯನ್ನು ಒಮ್ಮೆ ಬದಲಿಸಿ ನೋಡಿ. ಮಲ್ಟಿಕಾಸ್ಟ್ ಕೂಗು ಯಾರಿಗೆ ಬೇಕೋ ಅವರಿಗಷ್ಟೇ ಹೋಗಲಿ ಎಂದು ಮಾಡಿದ ಈ ವ್ಯವಸ್ಥೆ, ಅರೆಬರೆಯಾಗಿ ಕೆಲಸ ಮಾಡಿದಾಗ ಬೇಕಾದವರನ್ನೂ ಪಟ್ಟಿಯಿಂದ ಕೈಬಿಡುತ್ತದೆ.

ಲಕ್ಷಣ: ಹಾಡು ನಡುನಡುವೆ ನಿಲ್ಲುತ್ತದೆ

ಹೆಚ್ಚು ಜನರನ್ನು ಕಾಡುವುದು ಇದೇ, ತಪ್ಪು ದಾರಿ ಹಿಡಿಸುವುದೂ ಇದೇ. ವೇಗ ಸಾಲದು ಎಂದು ಇಂಟರ್ನೆಟ್ ಯೋಜನೆಯನ್ನು ಮೇಲ್ದರ್ಜೆಗೆ ಏರಿಸಿಕೊಳ್ಳುವ ಮೊದಲು ಒಂದು ಲೆಕ್ಕ ಮಾಡೋಣ. ಸಿಡಿ ಗುಣಮಟ್ಟದ ಧ್ವನಿ ಒಂಚೂರೂ ಕುಗ್ಗದಿದ್ದರೆ 1.4 ಎಂಬಿಪಿಎಸ್, ಏನನ್ನೂ ಕಳೆಯದೆ ಅಡಕಗೊಳಿಸುವ ಫ್ಲ್ಯಾಕ್ ರೂಪದಲ್ಲಿ ಕಟ್ಟಿದರೆ ಅದಕ್ಕೂ ಸಾಕಷ್ಟು ಕಡಿಮೆ. 24 ಬಿಟ್, 96 ಕಿಲೋಹರ್ಟ್ಸ್ ಹಾಡು 4.6 ಎಂಬಿಪಿಎಸ್, 24 ಬಿಟ್, 192 ಕಿಲೋಹರ್ಟ್ಸ್ ಆದರೆ 9.2 ಎಂಬಿಪಿಎಸ್, ಅದೂ ಫ್ಲ್ಯಾಕ್‌ನಲ್ಲಿ ಕಟ್ಟುವ ಮುಂಚಿನ ಅಳತೆ. 50 ಎಂಬಿಪಿಎಸ್ ಸಂಪರ್ಕ ಇರುವ ಮನೆಯಲ್ಲಿ ಒಂದು ಹಾಡು ನಿಲ್ಲುತ್ತಿದ್ದರೆ ಕಾರಣ ಯೋಜನೆಯ ವೇಗವಲ್ಲ. ತೊಂದರೆ ಇರುವುದು ಹೆಚ್ಚಾಗಿ ಮನೆಯೊಳಗಿನ ಕೊನೆಯ ಹತ್ತು ಮೀಟರಿನಲ್ಲಿ.

ಸ್ಪೀಕರಿಗೆ ಈಥರ್ನೆಟ್ ಕಿಂಡಿ ಇದ್ದರೆ ಉದ್ದದ ಕೇಬಲೊಂದನ್ನು ನೆಲದ ಮೇಲೆ ತಾತ್ಕಾಲಿಕವಾಗಿ ಎಳೆದು ರೂಟರಿಗೆ ಜೋಡಿಸಿ ಒಂದು ಸಂಜೆ ಕೇಳಿ (ಯಾರೂ ಎಡವದಂತೆ ಗೋಡೆಯಂಚಿಗೆ ಅಂಟಿಸಿರಿ). ಆಗ ನಿಲ್ಲದಿದ್ದರೆ ದೋಷ ವೈಫೈನದು, ಇಂಟರ್ನೆಟ್ಟಿನದಲ್ಲ. ಆಗಲೂ ನಿಂತರೆ ಅದೇ ಹಾಡನ್ನು ಫೋನಿನ ಮೊಬೈಲ್ ಡೇಟಾದಲ್ಲಿ ಕೇಳಿ ನೋಡಿ. ಅಲ್ಲೂ ನಿಂತರೆ ಸೇವೆಯವರ ಕಡೆ ತೊಂದರೆ ಇದೆ, ಕಾಯುವುದಷ್ಟೇ ಉಳಿದಿರುತ್ತದೆ.

ಈ ಪರೀಕ್ಷೆಯಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಕೇಬಲ್ ಹಾಕಿದ ಮೇಲೂ ಹಾಡು ನಿಲ್ಲುತ್ತಿತ್ತು, ವೈಫೈ ನಿರಪರಾಧಿ ಎಂದು ತೀರ್ಮಾನಿಸಿ ಎರಡು ವಾರ ಸೇವೆಯವರ ಜೊತೆ ಪತ್ರ ವ್ಯವಹಾರ ಮಾಡಿದೆ. ಕೊನೆಗೆ ಕಪಾಟಿನ ಹಿಂದೆ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ, ಕೇಬಲ್ ತುದಿಯಲ್ಲಿ ಕಿಂಡಿಗೆ ಕಚ್ಚಿಕೊಳ್ಳಬೇಕಾದ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಆಂಪ್ಲಿಫೈಯರಿನಲ್ಲಿ ತಗ್ಗಿನ ಸ್ವರ ಜೋರಾದಾಗಲೆಲ್ಲ ಕಪಾಟು ಅದುರಿ ತುದಿ ಒಂದು ಕೂದಲೆಳೆಯಷ್ಟು ಹೊರಗೆ ಸರಿಯುತ್ತಿತ್ತು, ಕಿಂಡಿಯ ಪಕ್ಕದ ಹಸಿರು ದೀಪ ಒಂದು ಕ್ಷಣ ಆರಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಕೇಬಲಿನಲ್ಲಿ ಪರೀಕ್ಷಿಸುವಾಗ ಆ ದೀಪವನ್ನೂ ಗಮನಿಸಿ. ಅದು ಹಾಡಿನೊಂದಿಗೇ ಆರುತ್ತಿದ್ದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

ದೋಷ ವೈಫೈನದೇ ಎಂದಾದರೆ ನಿಲ್ಲುವ ರೀತಿಯನ್ನು ಗಮನಿಸಿ. ದಿನದ ಒಂದೇ ಹೊತ್ತಿಗೆ, ಅಡುಗೆಮನೆಯಲ್ಲಿ ಮೈಕ್ರೋವೇವ್ ಓಡುವಾಗ ನಿಲ್ಲುತ್ತಿದ್ದರೆ ಸ್ಪೀಕರ್ ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿದೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ, ಬ್ಲೂಟೂತ್ ಇರುವುದೂ ಅಲ್ಲೇ. ಸ್ಪೀಕರ್ 5 ಗಿಗಾಹರ್ಟ್ಸ್‌ಗೆ ಒಗ್ಗುವುದಾದರೆ ಅದಕ್ಕೆ ಬದಲಿಸಿ. ಒಗ್ಗದಿದ್ದರೆ ರೂಟರಿನಲ್ಲಿ 1, 6, 11 ಈ ಮೂರರಲ್ಲಿ ನೆರೆಹೊರೆಯ ವೈಫೈಗಳು ಕಡಿಮೆ ಇರುವ ಚಾನೆಲನ್ನು ಆರಿಸಿ. ಈ ಮೂರೂ ಒಂದರ ಮೇಲೊಂದು ಬೀಳದ ಚಾನೆಲುಗಳು. ಬಾಗಿಲು ಹಾಕಿದಾಗ, ಜನ ಓಡಾಡುವಾಗ ನಿಲ್ಲುತ್ತಿದ್ದರೆ ಸಂಕೇತ ಅಂಚಿನಲ್ಲಿದೆ ಎಂದರ್ಥ. ರೂಟರಿನ ಪುಟದಲ್ಲೋ ಸ್ಪೀಕರಿನ ಆಪ್‌ನಲ್ಲೋ ಸಂಕೇತದ ಬಲ ಡಿಬಿಎಂನಲ್ಲಿ ಸಿಗುತ್ತದೆ. ಮೈನಸ್ 67ಕ್ಕಿಂತ ಚೆನ್ನಾಗಿದ್ದರೆ, ಅಂದರೆ ಮೈನಸ್ 60, ಮೈನಸ್ 50 ಹೀಗಿದ್ದರೆ ನೆಮ್ಮದಿ. ಮೈನಸ್ 75 ದಾಟಿದ್ದರೆ ರೂಟರನ್ನು ಕಪಾಟಿನೊಳಗಿಂದ, ಟಿವಿಯ ಹಿಂದಿನಿಂದ ಹೊರತೆಗೆದು ಎತ್ತರದಲ್ಲಿಡಿ. ಸ್ಪೀಕರನ್ನು ಅರ್ಧ ಮೀಟರ್ ಸರಿಸಿದ್ದರಿಂದಲೇ ವ್ಯತ್ಯಾಸವಾಗುವುದುಂಟು. ವೈಫೈಯನ್ನು ಮನೆಯೆಲ್ಲ ಹರಡುವ ಮೆಶ್ ಪೆಟ್ಟಿಗೆಗಳಿಗೆ ದುಡ್ಡು ಹಾಕುವ ಯೋಚನೆ ಇದಾದ ಮೇಲಿನದು.

ಫೋನೇ ಹೊರೆಯಾಳಾಗಿದ್ದು, ಪರದೆ ಆರಿದ ಕೆಲವು ನಿಮಿಷಕ್ಕೆ ಸರಿಯಾಗಿ ಹಾಡು ನಿಲ್ಲುತ್ತಿದ್ದರೆ ಜಾಲಕ್ಕೆ ಕೈ ಹಾಕಬೇಡಿ. ಬ್ಯಾಟರಿ ಉಳಿಸಲು ಫೋನು ಆ ಆಪನ್ನು ಮಲಗಿಸುತ್ತಿದೆ; ಬ್ಯಾಟರಿ ನಿರ್ಬಂಧದಿಂದ ಅದಕ್ಕೆ ವಿನಾಯಿತಿ ಕೊಟ್ಟರೆ ಸಾಕು.

ಲಕ್ಷಣ: ಒಂಟಿಯಾಗಿ ಸರಿ, ಸ್ಪೀಕರುಗಳನ್ನು ಗುಂಪು ಮಾಡಿದಾಗ ಮಾತ್ರ ತೊಂದರೆ

ಗುಂಪಿನಲ್ಲಿ ಎಲ್ಲ ಸ್ಪೀಕರುಗಳೂ ಒಂದೇ ಕ್ಷಣಕ್ಕೆ ಒಂದೇ ಸ್ವರ ನುಡಿಸಬೇಕಾದ್ದರಿಂದ, ಅನೇಕ ವ್ಯವಸ್ಥೆಗಳಲ್ಲಿ ಒಂದು ಸ್ಪೀಕರ್ ಹಾಡನ್ನು ಎಳೆದುಕೊಂಡು ಉಳಿದವಕ್ಕೆ ಹಂಚುತ್ತದೆ. ನಾಲ್ಕು ಸ್ಪೀಕರುಗಳಿದ್ದರೆ ಅದೇ ದತ್ತಾಂಶ ಅದೇ ವೈಫೈ ಮೇಲೆ ಮತ್ತೆ ಮತ್ತೆ ಹೋಗುತ್ತದೆ. ಹಂಚುವ ಸ್ಪೀಕರ್ ಮನೆಯ ಮೂಲೆಯಲ್ಲಿ ದುರ್ಬಲ ಸಂಕೇತದಲ್ಲಿದ್ದರೆ ಇಡೀ ಗುಂಪು ಅದರ ವೇಗಕ್ಕೆ ಇಳಿಯುತ್ತದೆ. ರೂಟರಿಗೆ ಹತ್ತಿರದ, ಸಾಧ್ಯವಾದರೆ ಕೇಬಲ್ ಇರುವ ಸ್ಪೀಕರಿನಿಂದಲೇ ಗುಂಪನ್ನು ಆರಂಭಿಸಿ. ಗುಂಪಿನಲ್ಲಿ ಹಳೆಯ ಮಾದರಿಯೊಂದಿದ್ದರೆ ಎಲ್ಲವೂ ಅದು ತಾಳುವ ದರಕ್ಕೆ ಇಳಿಯಬಹುದು. ಅದನ್ನು ಹೊರಗಿಟ್ಟು ಪರೀಕ್ಷಿಸಿ.

ಎರಡು ಕೋಣೆಗಳ ನಡುವೆ ಪ್ರತಿಧ್ವನಿ ಕೇಳುತ್ತಿದೆ ಎನ್ನುವವರು ದೂರು ಕೊಡುವ ಮೊದಲು ಎರಡೂ ಸ್ಪೀಕರಿಗೆ ಸಮದೂರದಲ್ಲಿ ನಿಂತು ಕೇಳಬೇಕು. ಧ್ವನಿ ಗಾಳಿಯಲ್ಲಿ ಹತ್ತು ಮೀಟರ್ ಸಾಗಲು ಸುಮಾರು 29 ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದು ಸ್ಪೀಕರಿನ ಪಕ್ಕದಲ್ಲಿ ನಿಂತು ದೂರದ ಇನ್ನೊಂದನ್ನು ಕೇಳಿದರೆ ಸಾಧನಗಳು ಎಷ್ಟು ಸರಿಯಿದ್ದರೂ ಅದು ಹಿಂದೆ ಬಿದ್ದಂತೆಯೇ ಕೇಳುತ್ತದೆ. ಸಮದೂರದಲ್ಲೂ ಎರಡಾಗಿ ಕೇಳಿದರೆ ಆಪ್‌ನಲ್ಲಿರುವ ವಿಳಂಬದ ಹೊಂದಾಣಿಕೆಯನ್ನು ಬಳಸಿ. ಬ್ರ್ಯಾಂಡುಗಳನ್ನು ಬೆರೆಸಿ ಮಾಡಿದ ಗುಂಪಿನಲ್ಲಿ ಇದು ಪೂರ್ತಿ ಸರಿಹೋಗುತ್ತದೆಂಬ ಭರವಸೆ ಬೇಡ.

ಲಕ್ಷಣ: ಡ್ಯಾಕ್ ಪರದೆ ಯಾವ ಹಾಡಿಗೂ 48 ಎಂದೇ ತೋರಿಸುತ್ತದೆ

ಕಿವಿಗಿಂತ ಈ ಪುಟ್ಟ ಪರದೆ ಹೆಚ್ಚು ನಂಬಿಕೆಗೆ ಅರ್ಹ. ಸಿಡಿ ಮೂಲದ ಹಾಡಿಗೆ ಅದು 44.1 ಕಿಲೋಹರ್ಟ್ಸ್ ತೋರಿಸಬೇಕು, 96ರ ಹಾಡಿಗೆ 96. ಏನು ಹಾಕಿದರೂ 48 ಎಂದಿದ್ದರೆ ನಡುವೆ ಯಾರೋ ಎಲ್ಲ ಧ್ವನಿಯನ್ನೂ ಒಂದೇ ದರಕ್ಕೆ ಬದಲಿಸುತ್ತಿದ್ದಾರೆ. ಪರದೆಯಿಲ್ಲದ ಡ್ಯಾಕ್‌ಗಳಲ್ಲಿ ದೀಪದ ಬಣ್ಣ ಈ ಕೆಲಸ ಮಾಡುತ್ತದೆ. ಯಾವ ಬಣ್ಣ ಯಾವ ದರ ಎಂಬುದು ಅದರ ಕೈಪಿಡಿಯಲ್ಲಿರುತ್ತದೆ.

ಕಂಪ್ಯೂಟರಿನಲ್ಲಿ ಆ ‘ಯಾರೋ’ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಮಿಕ್ಸರ್. ಸಂದೇಶದ ಟಿಂಗ್ ಸದ್ದನ್ನೂ ಹಾಡನ್ನೂ ಒಟ್ಟಿಗೆ ಕೇಳಿಸಬೇಕಾದ್ದರಿಂದ ಅದು ಎಲ್ಲವನ್ನೂ ಒಂದು ದರಕ್ಕೆ ತಂದು ಬೆರೆಸುತ್ತದೆ. ವಿಂಡೋಸ್‌ನಲ್ಲಿ ಸಂಗೀತದ ಆಪ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ (ಮಿಕ್ಸರನ್ನು ಬಿಟ್ಟು ಹಾಡನ್ನು ನೇರವಾಗಿ ಡ್ಯಾಕ್‌ಗೆ ಕಳಿಸುವ ಆಯ್ಕೆ) ಇದ್ದರೆ ಆನ್ ಮಾಡಿ. ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ಎಂಬ ಉಪಕರಣದಲ್ಲಿ ದರವನ್ನು ಹಾಡಿಗೆ ತಕ್ಕಂತೆ ಕೈಯಾರೆ ಬದಲಿಸಬಹುದು. ಆಂಡ್ರಾಯ್ಡ್ ಫೋನುಗಳ ಮಿಕ್ಸರ್ ಬಹುತೇಕ 48 ಕಿಲೋಹರ್ಟ್ಸ್‌ನಲ್ಲೇ ಓಡುತ್ತದೆ; ಯುಎಸ್‌ಬಿ ಡ್ಯಾಕ್‌ಗೆ ಮೂಲ ದರದಲ್ಲೇ ಕಳಿಸುವ ಸೌಲಭ್ಯ ಆಂಡ್ರಾಯ್ಡ್ 14ರಲ್ಲಿ ಬಂತು, ಆದರೆ ಆಪ್ ಅದನ್ನು ಬಳಸಿಕೊಂಡಿರಬೇಕು.

ಎಚ್ಚರಿಕೆ: ಎಕ್ಸ್‌ಕ್ಲೂಸಿವ್ ಮೋಡ್ ಆನ್ ಮಾಡುವ ಮೊದಲು ಆಂಪ್ಲಿಫೈಯರಿನ ಧ್ವನಿಯನ್ನು ಪೂರ್ತಿ ತಗ್ಗಿಸಿ. ಕಂಪ್ಯೂಟರಿನ ಧ್ವನಿ ನಿಯಂತ್ರಣ ಆ ಕ್ಷಣದಲ್ಲಿ ದಾರಿಯಿಂದ ಹೊರಗಾಗಿ ಹಾಡು ಪೂರ್ಣ ಬಲದಲ್ಲಿ ಹೊಡೆಯಬಹುದು. ಹೆಡ್‌ಫೋನ್ ಹಾಕಿಕೊಂಡಿದ್ದರೆ ಕಿವಿಗೇ ಪೆಟ್ಟು.

ಟಿವಿಯ ಮೂಲಕ ಹೋಗುವ ಧ್ವನಿಗೂ ಇದೇ ಗತಿ. ಅನೇಕ ಟಿವಿಗಳು ಒಳಗೆ ಬಂದ ಸ್ಟೀರಿಯೋವನ್ನು 48 ಕಿಲೋಹರ್ಟ್ಸ್‌ಗೆ ಬದಲಿಸಿಯೇ ಹೊರಗೆ ಬಿಡುತ್ತವೆ. ಸ್ಟ್ರೀಮಿಂಗ್ ಪೆಟ್ಟಿಗೆಯನ್ನು ಟಿವಿಗೆ ಹಾಕದೆ ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ ನೋಡಿ. ಆಪ್ಟಿಕಲ್ ಕೇಬಲ್ ಬಳಸುತ್ತಿದ್ದು 192ರ ಹಾಡಿಗೆ ಮಾತ್ರ ಸದ್ದೇ ಬರದಿದ್ದರೆ ಆ ಕಿಂಡಿಯ ಮಿತಿ 96 ಎಂದು ತಿಳಿಯಿರಿ. ಆಪ್‌ನೊಳಗಿನ ಈಕ್ವಲೈಸರ್, ಹಾಡಿನಿಂದ ಹಾಡಿಗೆ ಬೆರೆಸುವ ಕ್ರಾಸ್‌ಫೇಡ್, ಎಲ್ಲ ಹಾಡುಗಳ ಸದ್ದನ್ನು ಸಮಮಾಡುವ ಆಯ್ಕೆ ಇವು ದರವನ್ನು ಬದಲಿಸದಿದ್ದರೂ ಬಿಟ್‌ಗಳನ್ನು ಬದಲಿಸುತ್ತವೆ. ಪರದೆಯಲ್ಲಿ ಇದು ತಿಳಿಯುವುದಿಲ್ಲ.

ಲಕ್ಷಣ: ಶ್ರುತಿ ಏರಿದೆ, ಟಿಕ್ ಟಿಕ್ ಸದ್ದು, ಅಥವಾ ಬರೀ ಭೋರ್ಗರೆತ

ಗೊತ್ತಿರುವ ಗಾಯಕರ ದನಿ ಅವಸರದಲ್ಲಿ, ತೆಳ್ಳಗೆ ಕೇಳುತ್ತಿದೆಯೇ? 44.1ರ ಹಾಡನ್ನು ಡ್ಯಾಕ್ 48 ಎಂದು ತಪ್ಪಾಗಿ ತಿಳಿದು ನುಡಿಸಿದರೆ ವೇಗ ನೂರಕ್ಕೆ 8.8ರಷ್ಟು ಹೆಚ್ಚಿ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಡ್ಯಾಕನ್ನು ಆರಿಸಿ ಹಾಕಿ, ಚಾಲಕ ತಂತ್ರಾಂಶವನ್ನು ನವೀಕರಿಸಿ. ನಿಯಮಿತ ಅಂತರದಲ್ಲಿ ಬರುವ ಟಿಕ್ ಸದ್ದು ಎರಡು ಸಾಧನಗಳ ಗಡಿಯಾರಗಳು ಹೊಂದುತ್ತಿಲ್ಲ ಎನ್ನುವುದರ ಸೂಚನೆ. ಅನಿಯಮಿತವಾಗಿ ಬಂದರೆ ಮೊದಲು ಯುಎಸ್‌ಬಿ ಕೇಬಲನ್ನು, ಬಳಿಕ ಕಿಂಡಿಯನ್ನು ಬದಲಿಸಿ, ಹಬ್ ಇದ್ದರೆ ತೆಗೆದುಹಾಕಿ.

ಹಾಡಿನ ಬದಲು ಜಲಪಾತದಂಥ ಭೋರ್ಗರೆತ ಬಂದರೆ ತಕ್ಷಣ ಆಂಪ್ಲಿಫೈಯರನ್ನು ಆರಿಸಿ. ಡಿಎಸ್‌ಡಿ ಅಥವಾ ಡಿಟಿಎಸ್ ಎಂಬ ಬೇರೆ ರೂಪದ ದತ್ತಾಂಶವನ್ನು ಡ್ಯಾಕ್ ಸಾಮಾನ್ಯ ಧ್ವನಿಯೆಂದು ಓದುತ್ತಿದೆ. ಈ ಸದ್ದು ಪೂರ್ಣ ಬಲದಲ್ಲಿರುವುದರಿಂದ ಸ್ಪೀಕರಿನ ಎತ್ತರದ ಸ್ವರದ ಘಟಕ ಸುಟ್ಟುಹೋಗುವ ಅಪಾಯವಿದೆ. ಕಳಿಸುವ ಕಡೆ ಔಟ್‌ಪುಟ್‌ ಅನ್ನು ಪಿಸಿಎಂ ಎಂಬ ಸಾಮಾನ್ಯ ರೂಪಕ್ಕೆ ಬದಲಿಸಿ, ಧ್ವನಿಯನ್ನು ಕನಿಷ್ಠದಲ್ಲಿಟ್ಟು ಮತ್ತೆ ನೋಡಿ.

ಮನೆಯ ಸರ್ವರಿನಲ್ಲಿರುವ ನಿಮ್ಮ ಫ್ಲ್ಯಾಕ್ ಹಾಡುಗಳಿಗೆ ಮಾತ್ರ ತೊಂದರೆ ಇದ್ದರೆ ಸರ್ವರ್ ಅವನ್ನು ಕಳಿಸುವ ಮುನ್ನ ಬೇರೆ ರೂಪಕ್ಕೆ ಬದಲಿಸುತ್ತಿದೆಯೇ ಎಂದು ಅದರ ಚಟುವಟಿಕೆಯ ಪುಟದಲ್ಲಿ ನೋಡಿ, ಟ್ರಾನ್ಸ್‌ಕೋಡಿಂಗ್ ಎಂಬ ಆ ಬದಲಾವಣೆಯನ್ನು ಆಫ್ ಮಾಡಿ.

ಲಕ್ಷಣ: ಹಾಡು ನಿಂತರೂ ಗುಂಯ್ ಎನ್ನುವ ಸದ್ದು ನಿಲ್ಲುವುದಿಲ್ಲ

ಇದಕ್ಕೂ ಸ್ಟ್ರೀಮಿಂಗಿಗೂ ಸಂಬಂಧವಿಲ್ಲ. ಎರಡು ಉಪಕರಣಗಳು ಬೇರೆ ಬೇರೆ ಪ್ಲಗ್ಗುಗಳ ಅರ್ಥಿಂಗ್ ಮೂಲಕವೂ ಆಡಿಯೋ ಕೇಬಲಿನ ಮೂಲಕವೂ ಜೋಡಿಯಾಗಿ ಒಂದು ಸುತ್ತು ಏರ್ಪಟ್ಟಾಗ ಮನೆಯ ವಿದ್ಯುತ್ತಿನ ಕಂಪನ ಸ್ಪೀಕರಿನಲ್ಲಿ ಕೇಳುತ್ತದೆ. ಕೇಬಲುಗಳನ್ನು ಒಂದೊಂದಾಗಿ ತೆಗೆದು ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೆ ಎಂದು ನೋಡಿ. ಪ್ರತಿ ಸಲ ಕೇಬಲ್ ತೆಗೆಯುವ, ಹಾಕುವ ಮುನ್ನ ಆಂಪ್ಲಿಫೈಯರ್ ಆರಿರಲಿ. ಕೇಬಲ್ ಟಿವಿಯ ತಂತಿ ಅನೇಕ ಸಲ ಅಪರಾಧಿ. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವುದರಿಂದ ಅಥವಾ ವಿದ್ಯುತ್ ಸಂಪರ್ಕವೇ ಇಲ್ಲದ ಆಪ್ಟಿಕಲ್ ಕೇಬಲ್ ಬಳಸುವುದರಿಂದ ಇದು ಹೋಗುತ್ತದೆ. ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಮುರಿದರೆ ಅಥವಾ ಟೇಪ್ ಸುತ್ತಿದರೆ ಸದ್ದು ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದು ನಿಲ್ಲಬಹುದು, ಆದರೆ ಒಳಗೆ ತಂತಿ ಸಡಿಲವಾದ ದಿನ ಲೋಹದ ಪೆಟ್ಟಿಗೆಯೇ ಮುಟ್ಟಿದವರ ಜೀವ ತೆಗೆಯಬಲ್ಲದು.

ಎಲ್ಲಿ ಕೈ ಬಿಡಬೇಕು

ಸುಟ್ಟ ವಾಸನೆ, ಉಬ್ಬಿದ ಬ್ಯಾಟರಿ, ಮುಟ್ಟಿದರೆ ಜುಮ್ಮೆನ್ನುವ ಲೋಹದ ಮೈ, ಆನ್ ಮಾಡಿದ ಕೂಡಲೇ ದಡ್ ಎಂದು ಹೊರಗೆ ಚಾಚಿ ಅಲ್ಲೇ ನಿಂತುಬಿಡುವ ಸ್ಪೀಕರಿನ ಶಂಕು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೆ ಪರೀಕ್ಷೆ ನಿಲ್ಲಿಸಿ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ತೆಗೆದು ತಂತ್ರಜ್ಞರನ್ನು ಕರೆಯಿರಿ. ಆಂಪ್ಲಿಫೈಯರಿನ ಮುಚ್ಚಳ ತೆಗೆಯಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಕೇಬಲುಗಳನ್ನು ಮುಟ್ಟುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ.

ಅಪಾಯವೇನೂ ಇಲ್ಲದೆ ತೊಂದರೆ ಮಾತ್ರ ಉಳಿದಿದ್ದರೆ ಫ್ಯಾಕ್ಟರಿ ರೀಸೆಟ್ ಕೊನೆಯ ಮೆಟ್ಟಿಲು. ಅದಕ್ಕೂ ಮುಂಚೆ ರೂಟರಿನ ಸೆಟ್ಟಿಂಗ್ಸ್ ಪುಟಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಅದೂ ಕೆಲಸ ಮಾಡದಿದ್ದರೆ ತಯಾರಕರ ಸಹಾಯವಾಣಿಗೆ ಬರೆಯುವಾಗ ‘ಹಾಡು ಸರಿಯಾಗಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ರೂಟರ್ ಆರಿಸಿ ಹಾಕಿ ಎಂಬ ಉತ್ತರವೇ ಮರಳಿ ಬರುತ್ತದೆ. ಏರೋಪ್ಲೇನ್ ಮೋಡ್ ಪರೀಕ್ಷೆಯ ಫಲ, ಕೇಬಲಿನಲ್ಲಿ ತೊಂದರೆ ಉಳಿಯಿತೋ ಹೋಯಿತೋ ಎಂಬುದು, ಎರಡೂ ಸಾಧನಗಳ ಐಪಿ ವಿಳಾಸ, ಸಂಕೇತದ ಬಲ, ಸ್ಪೀಕರಿನ ಫರ್ಮ್‌ವೇರ್ ಸಂಖ್ಯೆ, ಪರೀಕ್ಷೆಗೆ ಬಳಸಿದ ಹಾಡಿನ ದರ ಮತ್ತು ಅದು ನಿಂತ ಗಂಟೆ ನಿಮಿಷ, ಇಷ್ಟನ್ನೂ ಮೊದಲ ಪತ್ರದಲ್ಲೇ ಬರೆಯಿರಿ. ಆ ಗಂಟೆ ನಿಮಿಷವನ್ನು ತಮ್ಮ ಸರ್ವರಿನ ದಾಖಲೆಯೊಂದಿಗೆ ಹೋಲಿಸಿ ನೋಡುವ ಕೆಲಸ ಅವರಿಂದಲೇ ಆಗಬೇಕು, ನಿಮ್ಮಿಂದ ಆಗದು.